ಬರಿ ಎಂಟರ್ ಒತ್ತಿದಾಗ: ಕನ್ಸೋಲ್ ಪ್ರೋಗ್ರಾಂನಲ್ಲಿ ಡಿಫಾಲ್ಟ್ ಮೌಲ್ಯಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಗಾಗಿ ನಾನು ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಂ ಕನ್ಸೋಲ್‌ನಲ್ಲೇ, ಅಂದರೆ ಅಕ್ಷರಗಳಷ್ಟೇ ಕಾಣುವ ಪರದೆಯಲ್ಲೇ, ನಡೆಯುತ್ತದೆ. ಪ್ರತಿ ಬಿಲ್ಲಿಗೂ ಅದು ಜಿಎಸ್‌ಟಿ ದರ, ರಿಯಾಯಿತಿ, ದಿನಾಂಕ, ಗ್ರಾಹಕರ ರಾಜ್ಯದ ಕೋಡ್ ಇವನ್ನು ಒಂದೊಂದಾಗಿ ಕೇಳುತ್ತದೆ. ಬಹುತೇಕ ಬಿಲ್ಲುಗಳಿಗೆ ಉತ್ತರ ಒಂದೇ ಆಗಿರುವುದರಿಂದ ‘ಜಿಎಸ್‌ಟಿ ದರ [18]:’ ಎಂದು ಡಿಫಾಲ್ಟನ್ನು, ಅಂದರೆ ಬೇರೇನೂ ಕೊಡದಿದ್ದರೆ ಬಳಸುವ ಮೌಲ್ಯವನ್ನು, ಚೌಕ ಆವರಣದಲ್ಲಿ ತೋರಿಸಿ, ಬರಿ ಎಂಟರ್ ಒತ್ತಿದರೆ ಅದನ್ನೇ ತೆಗೆದುಕೊಳ್ಳುವಂತೆ ಮಾಡಿದೆ.

ಬರಿ ಎಂಟರ್‌ಗೆ ಇನ್‌ಪುಟ್ ಫಂಕ್ಷನ್ ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ) ಕೊಡುತ್ತದೆ. ಪೈಥಾನ್ ಅದನ್ನು ಫಾಲ್ಸ್ (ಸುಳ್ಳು) ಎಂದೇ ಎಣಿಸುವುದರಿಂದ ಮುಂದೆ ಒಂದು ‘ಆರ್’ (or, ‘ಅಥವಾ’) ಹಾಕಿ ಡಿಫಾಲ್ಟ್ ಬರೆದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಆ ‘ಆರ್’ ಸಂಖ್ಯೆಗೆ ಪರಿವರ್ತಿಸುವ ಮೊದಲೇ ಬರಬೇಕು. ಪರಿವರ್ತನೆಯ ನಂತರ ಬಂದರೆ, ರಿಯಾಯಿತಿ ಇಲ್ಲವೆಂದು ಗುಮಾಸ್ತರು ಬೇಕೆಂದೇ ಕೊಟ್ಟ 0 ಕೂಡ ಫಾಲ್ಸ್ ಆಗಿ, ಡಿಫಾಲ್ಟ್ ಆಗಿರುವ ಶೇಕಡಾ 5 ಬಿಲ್ಲಿನಲ್ಲಿ ಸದ್ದಿಲ್ಲದೆ ಕಡಿತವಾಗುತ್ತದೆ. ಬರಿ ಎಂಟರ್ ಒತ್ತಿದವರಿಗಾದರೋ, ಖಾಲಿ ಸ್ಟ್ರಿಂಗ್ ಸಂಖ್ಯೆಯಾಗದ ಕಾರಣ, ವ್ಯಾಲ್ಯೂ ಎರರ್ ಎಂಬ ದೋಷ ಸಿಗುತ್ತದೆ. ಆದ್ದರಿಂದ ನಾನು ಅಕ್ಕಪಕ್ಕದ ಸ್ಪೇಸ್‌ಗಳನ್ನು ತೆಗೆದು, ಸ್ಟ್ರಿಂಗ್ ಖಾಲಿಯೇ ಎಂದು ಮೊದಲು ನೋಡಿ, ಆಮೇಲಷ್ಟೇ ಪರಿವರ್ತಿಸುತ್ತೇನೆ. ತಪ್ಪಾಗಿ ಟೈಪ್ ಆದದ್ದಕ್ಕೆ ಡಿಫಾಲ್ಟ್ ಹಾಕುವುದಿಲ್ಲ. ಪ್ರಶ್ನೆಯನ್ನೇ ಮತ್ತೆ ಕೇಳುತ್ತೇನೆ. (ಸಿ ಭಾಷೆಯಲ್ಲಿ ಬರೆಯುವವರು ಸ್ಕ್ಯಾನ್‌ಎಫ್ ಫಂಕ್ಷನ್‌ನ ಸಹವಾಸ ಬಿಟ್ಟು ಇಡೀ ಸಾಲನ್ನು ಓದುವ ಎಫ್‌ಗೆಟ್ಸ್ ಬಳಸುವುದು ಒಳ್ಳೆಯದು, ಏಕೆಂದರೆ ಸಂಖ್ಯೆ ಓದುವಾಗ ಬರಿ ಎಂಟರ್ ಒತ್ತಿದರೆ ಸ್ಕ್ಯಾನ್‌ಎಫ್ ಹೊಸ ಸಾಲನ್ನೂ ದಾಟಿ ಸಂಖ್ಯೆಗಾಗಿ ಕಾಯುತ್ತಲೇ ಇರುತ್ತದೆ.)

ದಿನಾಂಕದ ಡಿಫಾಲ್ಟನ್ನು ಪ್ರಶ್ನೆ ಕೇಳುವ ಹೊತ್ತಿನಲ್ಲೇ ಲೆಕ್ಕ ಹಾಕಬೇಕು. ಫಂಕ್ಷನ್ ಅನ್ನು ಶುರುವಿನಲ್ಲಿ ಹೆಸರಿಸುವ ಡೆಫ್ ಸಾಲಿನಲ್ಲಿ ಬರೆದರೆ ಪೈಥಾನ್ ಅದನ್ನು ಒಮ್ಮೆ ಮಾತ್ರ ಲೆಕ್ಕ ಹಾಕುತ್ತದೆ. ರಾತ್ರಿ ಪಾಳಿಯಲ್ಲಿ ಹನ್ನೆರಡು ದಾಟಿದ ಮೇಲೂ ಹಿಂದಿನ ದಿನದ ತಾರೀಖೇ ಕಾಣುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ರಾಜ್ಯದ ಕೋಡ್ ಬಗ್ಗೆ. ಕರ್ನಾಟಕದ 29 ಅನ್ನೇ ಡಿಫಾಲ್ಟ್ ಇಡೋಣವೆಂದು ಕಾರ್ಖಾನೆಯವರು ಕೇಳಿದರು, ನಾನು ಒಪ್ಪಲಿಲ್ಲ. ತಮಿಳುನಾಡಿನ ಹೊಸೂರಿನ ಗ್ರಾಹಕರಿಗೆ ಸರಕು ಹೋಗುವಾಗ ಕೋಡ್ 33 ಆಗಬೇಕು, ಶೇಕಡಾ 18ರ ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನ ತೆರಿಗೆ) ಬೀಳಬೇಕು; ಎಂಟರ್ ಒತ್ತುತ್ತಾ ಹೋಗುವ ಕೈ ಅಲ್ಲೂ ಒತ್ತಿಬಿಟ್ಟರೆ ಬಿಲ್ಲಿನಲ್ಲಿ ಒಂಬತ್ತು ಒಂಬತ್ತರಂತೆ, ರಾಜ್ಯದೊಳಗಿನ ಮಾರಾಟಕ್ಕೆ ಬೀಳುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ಕೇಂದ್ರ ಮತ್ತು ರಾಜ್ಯದ ಪಾಲು) ಮುದ್ರಣವಾಗುತ್ತದೆ, ಮೊತ್ತ ಅಷ್ಟೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ರಾಹಕರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಇದ್ದರೆ, ರಾಜ್ಯದ ಕೋಡೇ ಆಗಿರುವ ಅದರ ಮೊದಲ ಎರಡು ಅಂಕಿಗಳನ್ನು ಪ್ರೋಗ್ರಾಂ ಆವರಣದಲ್ಲಿ ತೋರಿಸುತ್ತದೆ. ಇಲ್ಲದಿದ್ದರೆ ಆವರಣವೂ ಇರುವುದಿಲ್ಲ, ಕೋಡ್ ಟೈಪ್ ಮಾಡುವವರೆಗೆ ಪ್ರಶ್ನೆ ಮುಂದಕ್ಕೆ ಸರಿಯುವುದೂ ಇಲ್ಲ.