ವಂಡರ್‌ಲಾ ಪ್ರವಾಸಕ್ಕೆ ಕಡಿಮೆ ಬಾಡಿಗೆಯ ಹೋಟೆಲ್ ಹಿಡಿಯುವುದು ಹೇಗೆ?

ನಮ್ಮ ಮನೆ ಬೆಂಗಳೂರಿನ ಮೈಸೂರು ರಸ್ತೆಯ ಕೆಂಗೇರಿಯಲ್ಲಿರುವುದರಿಂದ ಏಪ್ರಿಲ್ ಬಂತೆಂದರೆ ಹಾವೇರಿ, ದಾವಣಗೆರೆ ಕಡೆಯ ನೆಂಟರ ಫೋನ್ ಕರೆಗಳು ಶುರುವಾಗುತ್ತವೆ. ಮಕ್ಕಳ ಪರೀಕ್ಷೆ ಮುಗಿದಿದೆ, ನೀರಾಟಗಳ ಮನೋರಂಜನಾ ಪಾರ್ಕಾದ ವಂಡರ್‌ಲಾ ತೋರಿಸುತ್ತೇವೆಂದು ಮಾತು ಕೊಟ್ಟಾಗಿದೆ, ಅದರ ಹತ್ತಿರ ಕೈಗೆಟುಕುವ ಹೋಟೆಲ್ ಯಾವುದಿದೆ ಎಂದು ಕೇಳುತ್ತಾರೆ. ನಾನು ಉತ್ತರ ಹೇಳುವಷ್ಟರಲ್ಲಿ ಅರ್ಧ ಜನ ಮೊಬೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಕಂಡ ಅಗ್ಗದ ರೂಮನ್ನು ಕಾಯ್ದಿರಿಸಿಬಿಟ್ಟಿರುತ್ತಾರೆ. ಹಾಗೆ ಕಾಯ್ದಿರಿಸಿದವರಲ್ಲಿ ಕೆಲವರು ಒದ್ದೆ ಬಟ್ಟೆಯ ಚೀಲ ಹಿಡಿದು, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ರಾತ್ರಿ ಹತ್ತಕ್ಕೆ ನಮ್ಮ ಮನೆಯ ಬಾಗಿಲು ತಟ್ಟಿದ್ದೂ ಉಂಟು. ಬಂದವರಿಗೆ ಅನ್ನ ಸಾರು ಮಾಡಿ ಹಾಕುವುದು ನಮಗೆ ಕಷ್ಟವಲ್ಲವಾದರೂ, ಕೊಟ್ಟ ಮುಂಗಡ ಹಣ ಹೋಯಿತೆಂದು ಅವರು ಪಡುವ ಸಂಕಟ ನೋಡಲಾಗುವುದಿಲ್ಲ.

ಎಲ್ಲರೂ ಮಾಡುವ ತಪ್ಪು ಒಂದೇ. ಬೆಳಿಗ್ಗೆ ಪಾರ್ಕಿಗೆ ಬೇಗ ತಲುಪಬೇಕೆಂಬ ಒಂದೇ ಯೋಚನೆಯಲ್ಲಿ ಅವರು ಹೋಟೆಲ್ ಹುಡುಕುತ್ತಾರೆ. ರೂಮು ನಿಜವಾಗಿ ಬೇಕಾಗುವುದು ಇಡೀ ದಿನ ನೀರಿನಲ್ಲಿ ಆಡಿ, ಹಸಿದು, ನಡುಗುತ್ತಾ ಹೊರಬರುವ ಸಂಜೆ ಏಳು ಗಂಟೆಗೆ.

ಹಂತ 1: ಯಾವ ರಾತ್ರಿಗೆ ರೂಮು ಬೇಕು?

ಪಾರ್ಕಿನ ಬಾಗಿಲು ಸಾಮಾನ್ಯವಾಗಿ ಬೆಳಿಗ್ಗೆ 11 ಗಂಟೆಗೆ ತೆರೆಯುತ್ತದೆ. ಆದ್ದರಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿಯುವವರಿಗೆ ಹಿಂದಿನ ರಾತ್ರಿಯ ರೂಮು ಬೇಕಿಲ್ಲ, ಆಡಿ ಮುಗಿಸಿದ ರಾತ್ರಿಯದು ಸಾಕು.

ಹಂತ 2: ಕೆಂಗೇರಿಯೋ, ಬಿಡದಿಯೋ, ರಾಮನಗರವೋ?

ವಂಡರ್‌ಲಾ ಇರುವುದು ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಮೈಸೂರು ರಸ್ತೆಯ ಹೆಜ್ಜಾಲದ ಬಳಿ, ಬಿಡದಿಗಿಂತ ಸ್ವಲ್ಪ ಮೊದಲು. 2005ರಲ್ಲಿ ಅದು ತೆರೆದಾಗ ಸುತ್ತಮುತ್ತ ಉಳಿದುಕೊಳ್ಳಲು ಹೇಳಿಕೊಳ್ಳುವಂಥ ಜಾಗಗಳು ಇರಲಿಲ್ಲ. ಈಗ ಆಯ್ಕೆ ಹೆಚ್ಚಿದೆ, ಆಯ್ಕೆಯ ಜೊತೆಗೆ ಗೊಂದಲವೂ ಹೆಚ್ಚಿದೆ. ಪಾರ್ಕಿಗೆ ಅಂಟಿಕೊಂಡಂತೆಯೇ ಅದರದೇ ರೆಸಾರ್ಟ್ 2012ರಿಂದ ನಡೆಯುತ್ತಿದೆ. ಅದು ಅಗ್ಗದ ಪಟ್ಟಿಗೆ ಸೇರುವುದಲ್ಲವಾದರೂ, ವಾರದ ನಡುವಿನ ದಿನಗಳಲ್ಲಿ ಹೋಗುವವರು ರೂಮು ಮತ್ತು ಟಿಕೆಟ್ ಸೇರಿದ ದರ ಎಷ್ಟೆಂದು ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಸ್ವಂತ ವಾಹನವಿಲ್ಲದ ಕುಟುಂಬಕ್ಕೆ ನನ್ನ ಸಲಹೆ ಕೆಂಗೇರಿ. ಮೈಸೂರಿನ ಕಡೆಗೆ ಹೋಗುವ ಹಲವು ರೈಲುಗಳು ಇಲ್ಲಿ ನಿಲ್ಲುತ್ತವೆ; ಮೆಟ್ರೊದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಬಂದಿರುವುದರಿಂದ ಮೆಜೆಸ್ಟಿಕ್‌ನಿಂದ ಇಲ್ಲಿಗೆ ಬರುವುದು ಈಗ ಕಷ್ಟವೇ ಅಲ್ಲ; ರಾತ್ರಿ ಮಗುವಿಗೆ ಜ್ವರ ಬಂದರೆ ಔಷಧಿ ಅಂಗಡಿಗೆ ಹುಡುಕಾಡಬೇಕಿಲ್ಲ. ಕಾರಿನಲ್ಲಿ ಬಂದವರು, ಮರುದಿನ ಮೈಸೂರಿನ ಕಡೆಗೆ ಮುಂದುವರಿಯುವವರು ಬಿಡದಿ ಅಥವಾ ರಾಮನಗರವನ್ನು ನೋಡಬಹುದು. ಬಿಡದಿಯಲ್ಲಿ ಟೊಯೊಟಾ, ಬಾಷ್ ಮೊದಲಾದ ಕಾರ್ಖಾನೆಗಳಿವೆ. ಅಲ್ಲಿಗೆ ಕೆಲಸದ ಮೇಲೆ ಬಂದು ಹೋಗುವವರನ್ನೇ ನೆಚ್ಚಿಕೊಂಡ ಹೋಟೆಲುಗಳಲ್ಲಿ ಶನಿವಾರ ಭಾನುವಾರ ರೂಮುಗಳು ಖಾಲಿ ಉಳಿಯುವ ಸಾಧ್ಯತೆ ಇರುವುದರಿಂದ ಚೌಕಾಶಿ ಮಾಡಲು ಸಂಕೋಚ ಬೇಡ. ಒಂದು ಎಚ್ಚರಿಕೆ: ಮದುವೆ ಮುಹೂರ್ತಗಳಿರುವ ದಿನಗಳಲ್ಲಿ ಈ ರಸ್ತೆಯ ಕಲ್ಯಾಣ ಮಂಟಪಗಳ ಬೀಗರು ಸುತ್ತಲಿನ ರೂಮುಗಳನ್ನೆಲ್ಲ ಹಿಡಿದುಬಿಡುತ್ತಾರೆ. ಪಂಚಾಂಗ ನೋಡದೆ ದಿನ ಗೊತ್ತು ಮಾಡಬೇಡಿ ಎಂದು ನಾನು ಹೇಳುವುದು ನಂಬಿಕೆಯ ಮಾತಲ್ಲ, ಬಾಡಿಗೆಯ ಲೆಕ್ಕ.

ಹಂತ 3: ‘ಐದು ಕಿಲೋಮೀಟರ್’ ಎಂಬುದನ್ನು ನಂಬದಿರುವುದು

ಕಾಯ್ದಿರಿಸುವ ಆ್ಯಪ್‌ಗಳಲ್ಲಿ ಹೋಟೆಲಿನ ಹೆಸರಿನ ಕೆಳಗೆ ಪಾರ್ಕಿನಿಂದ ಇಷ್ಟು ದೂರ ಎಂದು ಬರೆದಿರುತ್ತದೆ. ಎಷ್ಟೋ ಸಲ ಅದು ಭೂಪಟದ ಮೇಲೆ ಗೆರೆ ಎಳೆದು ಅಳೆದ ದೂರವೇ ಹೊರತು ಚಕ್ರ ಉರುಳುವ ದೂರವಲ್ಲ. ಬೇರೆ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಿರಬಹುದು, ಮೈಸೂರು ರಸ್ತೆಯಲ್ಲಿ ಸಣ್ಣದಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಿಗೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ, ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಹೋಟೆಲ್ ರಸ್ತೆಯ ಆಚೆ ಬದಿಯಲ್ಲಿದ್ದು ಕಣ್ಣಿಗೆ ಕಾಣುತ್ತಿದ್ದರೂ, ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ, ತಿರುಗಿ, ಸರ್ವಿಸ್ ರಸ್ತೆಯಲ್ಲಿ ಹಿಂದಕ್ಕೆ ಬರಬೇಕು. ಇನ್ನು ಬಿಡದಿ ಪೇಟೆಯೊಳಗಿನ ಹೋಟೆಲುಗಳ ಮಾತು. ಹೊಸ ಹೆದ್ದಾರಿ ಪೇಟೆಯನ್ನು ಮುಟ್ಟದೆ ಬೈಪಾಸ್‌ನಲ್ಲಿ ಹಾದುಹೋಗುತ್ತದೆ. ಇಳಿಯಬೇಕಾದ ಜಾಗವನ್ನು ತಪ್ಪಿಸಿಕೊಂಡರೆ ನೀವು ಬಿಡದಿಯನ್ನು ದಾಟಿಯೇ ನಿಲ್ಲುವುದು. ಕಣಿಮಿಣಿಕೆ, ಶೇಷಗಿರಿಹಳ್ಳಿಗಳ ಟೋಲ್ ಇರುವುದೂ ಇದೇ ಭಾಗದಲ್ಲಿ.

ಆದ್ದರಿಂದ ಭೂಪಟದಲ್ಲಿ ದಾರಿಯನ್ನು ಎರಡು ಸಲ ನೋಡಬೇಕು. ಮೊದಲು ಹೋಟೆಲಿನಿಂದ ಪಾರ್ಕಿಗೆ, ಆಮೇಲೆ ಪಾರ್ಕಿನಿಂದ ಹೋಟೆಲಿಗೆ. ಎರಡೂ ದೂರಗಳು ಒಂದೇ ಇರುವುದಿಲ್ಲ, ಮತ್ತು ನಿಮಗೆ ಮುಖ್ಯವಾದದ್ದು ಎರಡನೆಯದು. ಸ್ಕೂಟರಿನಲ್ಲಿ ಬರುವ ಚಿಕ್ಕ ಕುಟುಂಬಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭೂಪಟದಲ್ಲಿ ದ್ವಿಚಕ್ರ ವಾಹನದ ದಾರಿಯನ್ನೇ ಆರಿಸಿ ನೋಡಬೇಕು. 2023ರ ಆಗಸ್ಟ್‌ನಿಂದ ಬೈಕ್ ಮತ್ತು ಆಟೊಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ.

ಇದಕ್ಕೆ ಸೇರಿದಂತೆ ಹೊಸದೊಂದು ತೊಡಕೂ ಇದೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿತು. ದಶಕಗಳಿಂದ ‘ಬೆಂಗಳೂರು ದಕ್ಷಿಣ’ ಎಂದರೆ ಜಯನಗರ, ಜೆ.ಪಿ. ನಗರದ ಕಡೆ ಎಂದೇ ಬಳಕೆಯಾಗಿರುವುದರಿಂದ ಆ ಹೆಸರನ್ನು ಹಾಕಿ ಹುಡುಕಿದವರು ನಗರದೊಳಗಿನ ಹೋಟೆಲನ್ನು ಹಿಡಿದು ಕುಳಿತರೆ ಆಶ್ಚರ್ಯವಿಲ್ಲ. ಹುಡುಕುವಾಗ ಜಿಲ್ಲೆಯ ಹೆಸರನ್ನು ಬಿಟ್ಟು ಊರಿನ ಹೆಸರನ್ನೇ ಹಾಕಿರಿ.

ಹಂತ 4: ಬಾಡಿಗೆಯನ್ನಲ್ಲ, ಇಡೀ ರಾತ್ರಿಯ ಖರ್ಚನ್ನು ಕೂಡುವುದು

ಗಂಡ, ಹೆಂಡತಿ, ಎರಡು ಮಕ್ಕಳ ಕುಟುಂಬವೆಂದು ಇಟ್ಟುಕೊಳ್ಳಿ. ಒಂದು ರೂಮಿನ ಬಾಡಿಗೆ 1,400 ರೂಪಾಯಿ, ಎಕ್ಸ್‌ಟ್ರಾ ಬೆಡ್‌ಗೆ 600. ಒಟ್ಟು 2,000ಕ್ಕೆ ಜಿಎಸ್‌ಟಿ ಸೇರಿ 2,100. ತಿಂಡಿ ಹೊರಗೆ, ತಲೆಗೆ 120ರಂತೆ 480. ಪಾರ್ಕಿನಿಂದ ದೂರವಿರುವುದರಿಂದ ಟ್ಯಾಕ್ಸಿಗೆ ಹೋಗಲು 700, ಬರಲು 700. ಎಲ್ಲ ಸೇರಿ 3,980. ಇನ್ನೊಂದು ರೂಮಿಗೆ ತಿಂಡಿಯೂ ಸೇರಿ 2,600, ಎರಡು ಜೋಡಿ ಮಂಚಗಳಿವೆ, ತೆರಿಗೆ ಸೇರಿ 2,730, ಆಟೊಗೆ ಹೋಗಿಬರಲು 400. ಒಟ್ಟು 3,130. ಆ್ಯಪ್‌ನ ಪಟ್ಟಿಯಲ್ಲಿ ಮೊದಲನೆಯದು ಮೇಲೆ, ಎರಡನೆಯದು ಎಲ್ಲೋ ಕೆಳಗೆ. ನಮ್ಮವರು ಕೆಳಗಿನವರೆಗೆ ಹೋಗುವುದೇ ಇಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಸಂಗತಿ ತಿಳಿದಿದ್ದರೆ ದೊಡ್ಡ ಕುಟುಂಬಗಳಿಗೆ ಹಣ ಉಳಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಈ ಮಿತಿ ಒಂದೊಂದು ರೂಮಿಗೆ ಪ್ರತ್ಯೇಕವಾದುದರಿಂದ, ಅಜ್ಜಿ ತಾತನೂ ಸೇರಿ ಆರೇಳು ಮಂದಿ ಹೊರಟಾಗ 8,000ದ ಒಂದು ದೊಡ್ಡ ಫ್ಯಾಮಿಲಿ ಸ್ವೀಟ್ ಹಿಡಿದರೆ 9,440 ಆಗುತ್ತದೆ. 4,000ದ ಎರಡು ರೂಮು ಹಿಡಿದರೆ 8,400. ಎರಡು ರೂಮೆಂದರೆ ಎರಡು ಬಚ್ಚಲು ಮನೆ. ಪಾರ್ಕಿನಿಂದ ಬಂದ ಸಂಜೆ ಇದರ ಬೆಲೆ ಗೊತ್ತಾಗುತ್ತದೆ.

ತಿಂಡಿ ಸೇರಿದ ದರದ ಲೆಕ್ಕದಲ್ಲಿ ನನ್ನದೊಂದು ಪಕ್ಷಪಾತವಿದೆ. ಬಿಡದಿಯಲ್ಲಿ ಉಳಿಯುವವರು ಹೋಟೆಲಿನ ತಿಂಡಿಗೆ ಬಿಡಿಗಾಸನ್ನೂ ಹೆಚ್ಚು ಕೊಡಬಾರದು. ಆ ಊರು ಪ್ರಸಿದ್ಧವಾಗಿರುವುದೇ ತಟ್ಟೆ ಇಡ್ಲಿಗೆ. ಬೆಣ್ಣೆ ಕರಗುತ್ತಿರುವ ಇಡ್ಲಿ ಹೊರಗೆ ಸಿಗುವಾಗ, ಒಳಗೆ ಮುಚ್ಚಳದ ಪಾತ್ರೆಯಲ್ಲಿ ಬೆವರಿದ ಬ್ರೆಡ್ ತಿನ್ನುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹಂತ 5: ಫೋನ್ ಮಾಡುವುದು

ಇದು ಎಲ್ಲರೂ ಹಾರಿಸಿಬಿಡುವ ಹಂತ, ಮತ್ತು ನನ್ನ ಪ್ರಕಾರ ಉಳಿದೆಲ್ಲ ಹಂತಗಳಿಗಿಂತ ದೊಡ್ಡದು. ದುಡ್ಡು ಕಟ್ಟುವ ಮೊದಲು ಹೋಟೆಲಿನ ರಿಸೆಪ್ಷನ್‌ಗೆ ನೇರವಾಗಿ ಫೋನ್ ಮಾಡಬೇಕು. ಆ್ಯಪ್‌ನ ಸಹಾಯವಾಣಿಗೆ ಮಾಡಿದರೆ ಪ್ರಯೋಜನವಿಲ್ಲ, ಅವರು ಆ ಹೋಟೆಲನ್ನು ನೋಡಿರುವುದಿಲ್ಲ. ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಮಾಡಿದರೆ ಖಾಲಿ ಮಾಡುವವರ ಗದ್ದಲ ಕಡಿಮೆಯಾಗಿ, ಎತ್ತಿದವರು ಸಮಾಧಾನದಿಂದ ಮಾತನಾಡುತ್ತಾರೆ.

ಮೊದಲನೆಯ ಪ್ರಶ್ನೆ ಬಿಸಿನೀರಿನದು. ‘ಬಿಸಿನೀರು ಇದೆಯಾ?’ ಎಂದು ಕೇಳಿದರೆ ‘ಇದೆ ಸಾರ್, ಟ್ವೆಂಟಿ ಫೋರ್ ಅವರ್ಸ್’ ಎಂಬ ಉತ್ತರ ಬಾಯಿಪಾಠದಂತೆ ಬರುತ್ತದೆ. ಹಾಗೆ ಕೇಳಬಾರದು. ‘ಸಂಜೆ ಏಳೂವರೆಗೆ ನಾಲ್ಕು ಜನ ಸ್ನಾನ ಮಾಡಬೇಕು, ರೂಮಿನಲ್ಲಿ ಗೀಜರ್ ಇದೆಯೋ ಅಥವಾ ಮಹಡಿಯ ಸೋಲಾರಿನಿಂದ ಬರುತ್ತದೆಯೋ?’ ಎಂದು ಕೇಳಬೇಕು. ಸೋಲಾರ್ ಎಂದರೆ ಹಲವು ಸಣ್ಣ ಲಾಡ್ಜುಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಎಂದು ಅರ್ಥ. ಇದನ್ನು ನಾನು ಕಲಿತದ್ದು ಒಂದು ಡಿಸೆಂಬರಿನಲ್ಲಿ, ಬೇರೊಂದು ಊರಿನ ಲಾಡ್ಜಿನಲ್ಲಿ. ದಿನವಿಡೀ ನೀರಾಟವಾಡಿ ಬಂದಿದ್ದೆವು. ನಲ್ಲಿ ತಿರುಗಿಸಿದರೆ ಐಸಿನಂಥ ನೀರು. ನಮ್ಮ ಚಿಕ್ಕವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕೆಳಗೆ ಹೋಗಿ ಕೇಳಿದ್ದಕ್ಕೆ ರೂಮ್ ಬಾಯ್ ಹುಡುಗ ಅಡುಗೆಮನೆಯಿಂದ ಹಬೆಯಾಡುವ ಒಂದು ಬಕೆಟ್ ನೀರನ್ನು ಮೂರನೆಯ ಮಹಡಿಗೆ ಹೊತ್ತು ತಂದ. ಮೆಟ್ಟಿಲುದ್ದಕ್ಕೂ ಚೆಲ್ಲಿ ಮುಕ್ಕಾಲು ಉಳಿದಿತ್ತು. ಆ ಮುಕ್ಕಾಲು ಬಕೆಟ್ಟಿನಲ್ಲಿ ಇಬ್ಬರು ಮಕ್ಕಳಿಗೆ ಸ್ನಾನವಾಯಿತು. ದೊಡ್ಡವರು ಟವೆಲಿನಲ್ಲಿ ಮೈ ಒರೆಸಿಕೊಂಡು ಮಲಗಿದೆವು.

ಎರಡನೆಯದು ‘ಫ್ಯಾಮಿಲಿ ರೂಮ್’ ಎಂಬ ಮಾತಿನದು. ಕೆಲವು ಕಡೆ ಅದರ ಅರ್ಥ ನಾಲ್ಕು ಜನ ಮಲಗುವ ರೂಮು. ಕೆಲವು ಕಡೆ ಕುಟುಂಬಸ್ಥರಿಗೂ ಕೊಡುತ್ತೇವೆ ಎಂದಷ್ಟೇ. ಆದ್ದರಿಂದ ಮಂಚ ಎಷ್ಟು, ಅಗಲ ಎಷ್ಟು ಎಂದು ಬಿಡಿಸಿ ಕೇಳಿರಿ. ಎಕ್ಸ್‌ಟ್ರಾ ಬೆಡ್ ಎಂದರೆ ಮಂಚವೋ, ನೆಲಕ್ಕೆ ಹಾಸುವ ಹಾಸಿಗೆಯೋ ಎಂಬುದನ್ನೂ ಕೇಳಿರಿ. ಎರಡಾಗಿ ಮಡಚಿ ತರುವ ಆ ತೆಳ್ಳನೆಯ ಫೋಮ್ ಹಾಸಿಗೆಯ ನಡುವಿನ ಮಡಿಕೆ ಸರಿಯಾಗಿ ಸೊಂಟಕ್ಕೇ ಬರುತ್ತದೆ. ಅದಕ್ಕೆ 600 ರೂಪಾಯಿ ಕೊಡುವುದಕ್ಕಿಂತ ಮನೆಯಿಂದ ಜಮಖಾನೆ ಒಯ್ಯುವುದು ಮೇಲು. ಮಕ್ಕಳ ವಯಸ್ಸನ್ನು ಫೋನಿನಲ್ಲೇ ಹೇಳಿ, ಯಾರಿಗೆ ಹಣವಿಲ್ಲ, ಯಾರಿಗೆ ಇದೆ ಎಂದು ಖಚಿತ ಮಾಡಿಕೊಳ್ಳಬೇಕು. ಹೋಟೆಲಿನವರು ನೋಡುವುದು ವಯಸ್ಸನ್ನು, ಪಾರ್ಕಿನವರು ಅಳೆಯುವುದು ಎತ್ತರವನ್ನು. ವಯಸ್ಸಿಗೆ ಮೀರಿ ಬೆಳೆದ ಒಂಬತ್ತು ವರ್ಷದ ಹುಡುಗ ಹೋಟೆಲಿನಲ್ಲಿ ಮಗುವಾಗಿದ್ದರೂ ಟಿಕೆಟ್ ಕೌಂಟರಿನಲ್ಲಿ ದೊಡ್ಡವನಾಗಿಬಿಡಬಹುದು.

ಮೂರನೆಯದಾಗಿ ರಾತ್ರಿ ಊಟ ಎಷ್ಟು ಹೊತ್ತಿನವರೆಗೆ ಸಿಗುತ್ತದೆಂದು ವಿಚಾರಿಸಬೇಕು. ಹೊರಗಿನ ತಿಂಡಿತಿನಿಸನ್ನು ಪಾರ್ಕಿನೊಳಗೆ ಬಿಡುವುದಿಲ್ಲವಾದ್ದರಿಂದ ಮಕ್ಕಳು ಹಸಿದೇ ಹೊರಬರುತ್ತಾರೆ. ಲಗೇಜ್ ಇಟ್ಟುಕೊಳ್ಳುವಿರಾ ಎಂದೂ ಕೇಳಿರಿ. ಬೆಳಿಗ್ಗೆ ಬಂದು ಚೀಲಗಳನ್ನು ಇಟ್ಟುಹೋಗಲು ಒಪ್ಪುವ ಹೋಟೆಲ್ ಇನ್ನೂರು ರೂಪಾಯಿ ಹೆಚ್ಚಿದ್ದರೂ ಅದನ್ನೇ ಹಿಡಿಯಿರಿ.

ಇಷ್ಟೆಲ್ಲ ಕೇಳಿದ ಮೇಲೆ ‘ನೇರವಾಗಿ ಬುಕ್ ಮಾಡಿದರೆ ಎಷ್ಟು?’ ಎಂಬುದು ಕೊನೆಯ ಪ್ರಶ್ನೆ. ಆ್ಯಪ್‌ಗೆ ಕೊಡಬೇಕಾದ ಕಮಿಷನ್ ಉಳಿಯುವುದರಿಂದ ಎಷ್ಟೋ ಮಾಲೀಕರು ದರ ಇಳಿಸುತ್ತಾರೆ. ಇಳಿಸದಿದ್ದರೆ ಆ್ಯಪ್‌ನಲ್ಲೇ ಮಾಡಿ, ಆದರೆ ರದ್ದು ಮಾಡಿದರೆ ಹಣ ವಾಪಸು ಬರುವ ದರವನ್ನೇ ಆರಿಸಿರಿ. ಮಕ್ಕಳಿಗೆ ಜ್ವರ ಬರುವುದು ಹೊರಡುವ ಹಿಂದಿನ ದಿನವೇ. ಪಾರ್ಕಿನ ಟಿಕೆಟ್ ಕೂಡ ನಾವೇ ಕೊಡಿಸುತ್ತೇವೆ ಎಂದು ಹೋಟೆಲಿನವರು ಹೇಳಿದರೆ ನಯವಾಗಿ ಬೇಡವೆನ್ನಿ. ಅದನ್ನು ಪಾರ್ಕಿನ ಜಾಲತಾಣದಲ್ಲಿ ನೀವೇ ಕೊಳ್ಳುವುದು ಕ್ಷೇಮ.

ಹಂತ 6: ತಲುಪಿದ ಮೇಲೆ

ವಯಸ್ಕರೆಲ್ಲರ ಗುರುತಿನ ಚೀಟಿ ಬೇಕಾಗುತ್ತದೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಅದು ಇಳಿಸಿಕೊಳ್ಳಲು ಸಿಗುತ್ತದೆ. ಉಳಿದ ಹಣ ಕಟ್ಟುವ ಮೊದಲು ರೂಮಿಗೆ ಹೋಗಿ ಗೀಜರಿನ ಸ್ವಿಚ್ ಹಾಕಿ, ಕೆಂಪು ದೀಪ ಹತ್ತುತ್ತದೆಯೇ ನೋಡಿ. ಗೋಡೆಗೆ ಸಿಕ್ಕಿಸಿರುವ ಸೊಳ್ಳೆ ಔಷಧಿಯ ಬಾಟಲಿ ಹತ್ತಕ್ಕೆ ಒಂಬತ್ತು ಕಡೆ ಖಾಲಿ ಇರುತ್ತದೆ, ಮನೆಯದನ್ನೇ ಒಯ್ಯಿರಿ.

ನೀರಾಟಕ್ಕೆ ಹತ್ತಿ ಬಟ್ಟೆಗಳನ್ನು ಬಿಡುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರಿನವೇ ಆಗಬೇಕು. ಅವು ಬೇಗ ಒಣಗುತ್ತವೆ, ಆದರೆ ಒಣಹಾಕಲು ಜಾಗವಿದ್ದರೆ ಮಾತ್ರ. ಅಗ್ಗದ ರೂಮುಗಳಲ್ಲಿ ಬಾಲ್ಕನಿ ಸಿಗುವುದು ಅಪರೂಪ. ನಾಲ್ಕು ಮಾರು ನೈಲಾನ್ ಹಗ್ಗವನ್ನೂ ಒಂದು ಡಜನ್ ಕ್ಲಿಪ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡರೆ ಕಿಟಕಿಯ ಸರಳಿನಿಂದ ಬಚ್ಚಲ ಬಾಗಿಲಿನ ಕೊಂಡಿಗೆ ಕಟ್ಟಬಹುದು. ಫ್ಯಾನಿನ ನೇರಕ್ಕೆ ಕಟ್ಟಿ, ಕೆಳಗೆ ಹಳೆಯ ಪತ್ರಿಕೆ ಹಾಸಿಬಿಡಿ. ಬೆಳಿಗ್ಗೆ ಮಡಚಿ ಇಟ್ಟುಕೊಳ್ಳುವಷ್ಟು ಒಣಗಿರುತ್ತವೆ.