ವೆಂಕಟೇಶ್ ನೆನಪಲ್ಲಿ ನಾವು ಎದೆ ಒತ್ತಲು ಕಲಿತಿದ್ದು

2012ರ ಮಾರ್ಚ್ 21. ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಎ ಡಿವಿಷನ್ ಪಂದ್ಯ. ಸೌತ್ ವೆಸ್ಟರ್ನ್ ರೈಲ್ವೆ ವಿರುದ್ಧ ಬೆಂಗಳೂರು ಮಾರ್ಸ್ ಪರ ಬದಲಿ ಆಟಗಾರನಾಗಿ ಇಳಿದಿದ್ದ ಡಿ. ವೆಂಕಟೇಶ್ ಆಟ ಮುಗಿಯುವ ಹೊತ್ತಿಗೆ ಕುಸಿದುಬಿದ್ದರು. ಆಂಬುಲೆನ್ಸ್ ಇರಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಒಯ್ದರು. ಉಳಿಯಲಿಲ್ಲ. ವಯಸ್ಸು 27.

ಅದಕ್ಕೆ ನಾಲ್ಕೇ ದಿನ ಮುಂಚೆ ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುಆಂಬಾ ಕೂಡ ಮೈದಾನದಲ್ಲೇ ಬಿದ್ದಿದ್ದರು. 78 ನಿಮಿಷ ಹೃದಯ ನಿಂತಿದ್ದರೂ ಅವರು ಬದುಕಿದರು. ಆ ವಾರವೆಲ್ಲ ನಮ್ಮ ಟೀ ಅಂಗಡಿಯಲ್ಲಿ ಇದೊಂದೇ ಮಾತು. 2004ರಲ್ಲಿ ಕಂಠೀರವದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಗೋವಾದ ಡೆಂಪೊ ತಂಡದ ಪರ ಎರಡು ಗೋಲು ಹೊಡೆದು ಅಲ್ಲೇ ಪ್ರಾಣಬಿಟ್ಟ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್‌ನನ್ನು ಹಳಬರು ಮತ್ತೆ ನೆನೆಸಿಕೊಂಡು ಅತ್ತರು.

ನಾನು ನಮ್ಮ ಏರಿಯಾದಲ್ಲಿ ಭಾನುವಾರದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಮೆಂಟ್ ನಡೆಸುತ್ತೇನೆ. ಆ ವರ್ಷ ವೆಂಕಟೇಶ್ ಫೋಟೊಗೆ ಹಾರ ಹಾಕಿ, ಹುಡುಗರಿಗೆ ಕಪ್ಪು ಪಟ್ಟಿ ಕಟ್ಟಿಸಿ, ಒಂದು ನಿಮಿಷ ಮೌನ ಆಚರಿಸಿದೆವು. ಮೌನ ಮುಗಿದದ್ದೇ ತಡ, ಹಿಂದಿನಿಂದ ಹಿರಿಯರೊಬ್ಬರು ಕೇಳಿದರು: ‘ಎಲ್ಲ ಸರಿ, ಇವತ್ತು ಆಂಬುಲೆನ್ಸ್ ಎಲ್ಲಪ್ಪ?’ ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ಗೋಲ್‌ಕೀಪರ್ ಹುಡುಗನ ಚಿಕ್ಕಮ್ಮ ನರ್ಸ್. ಹೃದಯ ನಿಂತವರ ಎದೆ ಒತ್ತುವುದನ್ನು (ಸಿಪಿಆರ್) ಅವರೇ ಬೊಂಬೆ ತಂದು ಕಲಿಸಿದರು. ಬೊಂಬೆಯ ಪಕ್ಕ ಮೊಣಕಾಲೂರಿ, ಎದೆಯ ನಡುಮೂಳೆಯ ಕೆಳಭಾಗದಲ್ಲಿ ಅಂಗೈ ಬುಡ ಇಟ್ಟು, ಮೊಣಕೈ ಮಡಚದೆ, ಐದರಿಂದ ಆರು ಸೆಂಟಿಮೀಟರ್ ಇಳಿಯುವಂತೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೆ ನನ್ನ ತೋಳು ಸೋತುಹೋಯಿತು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕಂತೆ. ಒಬ್ಬನೇ ಕಲಿತರೆ ಸಾಲದು ಎಂದು ಅಂದೇ ಅರ್ಥವಾಯಿತು.

ಕಲಿಸುವುದಕ್ಕಿಂತ ಮರೆಸುವುದು ಕಷ್ಟವಾಯಿತು. ಆಟಗಾರ ಬಿದ್ದರೆ ನಮ್ಮ ಜನ ಸುತ್ತ ಮುಗಿಬೀಳುತ್ತಾರೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ. ಮೈ ಅದುರಿದರೆ ಫಿಟ್ಸ್ ಎಂದು ಕೈಗೆ ಬೀಗದ ಕೈ ಕೊಡುತ್ತಾರೆ. ಹೃದಯ ನಿಂತಾಗಲೂ ಮೈ ಒಮ್ಮೆ ಅದುರಬಹುದು, ಬಾಯಿ ತೆರೆದು ಏದುಸಿರು ಎಳೆದಂತೆ ಕಾಣಬಹುದು. ಅದನ್ನು ಉಸಿರಾಟವೆಂದು ನಂಬಿ ಕಾಯುತ್ತಾ ನಿಂತರೆ ಮುಗಿಯಿತು. ಯಾರೂ ಮುಟ್ಟದೆ ತಾನಾಗಿ ಬಿದ್ದವನು ಕೂಗಿದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬ 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬ ಒತ್ತಲು ಶುರುಮಾಡಬೇಕು. ಇದನ್ನು ಕನ್ನಡ, ತಮಿಳು, ಉರ್ದು ಮೂರರಲ್ಲೂ ಹೇಳಿಕೊಟ್ಟೆವು. ನಮ್ಮ ಗ್ಯಾಲರಿ ಮೂರೂ ಭಾಷೆ ಮಾತಾಡುತ್ತದೆ.

ಬರೀ ಒತ್ತಿದರೆ ಸಾಲದು, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರವೂ ಬೇಕು. ಕೊಳ್ಳುವಷ್ಟು ಹಣ ಇರಲಿಲ್ಲ. ಗೆದ್ದ ತಂಡದ ಟ್ರೋಫಿ ಚಿಕ್ಕದು ಮಾಡಿ, ಉಳಿದ ದುಡ್ಡಲ್ಲಿ ಆ ಯಂತ್ರವಿರುವ ಆಂಬುಲೆನ್ಸನ್ನೇ ದಿನದ ಬಾಡಿಗೆಗೆ ತರಿಸುತ್ತೇವೆ. ಮೊದಲ ಸಲ ಬಂದ ಗಾಡಿ ಒಳಗೇ ಬರಲಾಗಲಿಲ್ಲ, ಗೇಟಿನ ತುಂಬ ಬೈಕ್‌ಗಳು!

ಹೆಸರು ಬರೆಸುವಾಗ ಮೂರು ಪ್ರಶ್ನೆ ಸೇರಿಸಿದೆವು: ಓಡುವಾಗ ತಲೆಸುತ್ತಿ ಬಿದ್ದದ್ದುಂಟೆ, ಎದೆನೋವು ಬಂದದ್ದುಂಟೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ಹಠಾತ್ತನೆ ತೀರಿಕೊಂಡದ್ದುಂಟೆ. ಮೊದಲ ವರ್ಷ ಎಲ್ಲ ಹುಡುಗರೂ ‘ಇಲ್ಲ’ ಎಂದೇ ಬರೆದರು. ತಂಡದಿಂದ ಕೈಬಿಡುತ್ತಾರೆಂಬ ಭಯ. ಈಗ ತಾಯಂದಿರನ್ನು ಕೇಳುತ್ತೇವೆ. ಅವರು ಮುಚ್ಚಿಡುವುದಿಲ್ಲ. ಒಬ್ಬನ ತಾಯಿ, ಅವನ ದೊಡ್ಡಪ್ಪ ಮೂವತ್ತಕ್ಕೇ ಹೋದದ್ದನ್ನು ಹೇಳಿದರು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಆಗಿ ಡಾಕ್ಟರ್ ಒಪ್ಪುವವರೆಗೆ ಅವನು ಬೂಟು ಕಟ್ಟಲಿಲ್ಲ. ನನ್ನ ಮೇಲೆ ಮುನಿಸಿಕೊಂಡಿದ್ದ, ನಾನು ಬಗ್ಗಲಿಲ್ಲ.

ಫೋಟೊಗೆ ಈಗಲೂ ಹಾರ ಹಾಕುತ್ತೇವೆ, ಆದರೆ ಮೌನ ಬಿಟ್ಟೆವು. ಎರಡೂ ಕ್ಯಾಪ್ಟನ್‌ಗಳು ಮೈದಾನದ ನಡುವೆ ಬೊಂಬೆಯ ಎದೆ ಒತ್ತುತ್ತಾರೆ. ಇಡೀ ಗ್ಯಾಲರಿ ಗಟ್ಟಿಯಾಗಿ ಒಂದರಿಂದ ಮೂವತ್ತರವರೆಗೆ ಎಣಿಸುತ್ತದೆ, ಮತ್ತೆ ಒಂದರಿಂದ. ಅಂದು ಪ್ರಶ್ನೆ ಕೇಳಿದ ಹಿರಿಯರಿಗೆ ಮೊಣಕಾಲು ಊರಲಾಗದು. ಅವರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಬೈಕ್ ನಿಲ್ಲಿಸಲು ಬಂದವರನ್ನೆಲ್ಲ ವಾಪಸ್ ಕಳಿಸುತ್ತಾರೆ.