ಕಾಯಿಲೆ ಹೋಗದೇ ಇದ್ರೂ ಯೇಸುವಿನಲ್ಲಿ ಸಮಾಧಾನವಾಗಿ ಇರೋದು ಹೇಗೆ

ಬೆಳಿಗ್ಗೆ ಎದ್ದಾಗ ನನ್ನ ಬೆರಳು ಮಡಚಕ್ಕೆ ಬರಲ್ಲ, ಬೈಬಲ್ ತೆಗೆದ್ರೆ ಆ ತೆಳು ಹಾಳೆಗಳು ಅಂಟ್ಕೊಂಡಿರ್ತವೆ, ಒಂದು ತಿರುಗಿಸೋಕೆ ಹೋದ್ರೆ ನಾಲ್ಕು ಒಟ್ಟಿಗೆ ಬರ್ತವೆ. ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲುಗಳು ಊದಿ ನೋಯೋ ಕಾಯಿಲೆ, ಶುರುವಾಗಿ 9 ವರ್ಷ ಆಯ್ತು. ಮೊದಲೆರಡು ವರ್ಷ ನನ್ನ ಪ್ರಾರ್ಥನೆ ಒಂದೇ, ವಾಸಿ ಮಾಡು ಕರ್ತನೇ ಅಂತ, ವಾಸಿ ಆದ ದಿನ ಸಮಾಧಾನನೂ ತಾನಾಗೇ ಬರತ್ತೆ ಅಂತ ಕಾಯ್ತಾ ಕೂತಿದ್ದೆ.

ಹಾಗಾಗಿ ಮೊದಲು ಇವೆರಡನ್ನೂ ಬೇರೆ ಬೇರೆ ಮಾಡ್ಕೊಳ್ಳಿ. ವಾಸಿ ಆಗ್ಲಿ ಅಂತ ಬೇಡೋದನ್ನ ಬಿಡಬೇಡಿ, ನಾನೂ ಬಿಟ್ಟಿಲ್ಲ, ಆದ್ರೆ ಸಮಾಧಾನನ ತಗೊಂಡು ಹೋಗಿ ಅದರ ಬಾಲಕ್ಕೆ ಕಟ್ಟಬೇಡಿ. ಬೈಬಲಿನ 2 ಕೊರಿಂಥ 12ನೇ ಅಧ್ಯಾಯ ಓದಿ, ಅಪೊಸ್ತಲ ಪೌಲ ತನ್ನ ಶರೀರದ ಶೂಲ ಹೋಗ್ಲಿ ಅಂತ ಮೂರು ಸಲ ಬೇಡಿದ, ಅದು ಹೋಗ್ಲಿಲ್ಲ, ಸಿಕ್ಕಿದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" ಅಂತ. ನೋವು ಜಾಸ್ತಿ ಆದಾಗ ನಾವು ಸಾಕಪ್ಪಾ ಸಾಕು ಅಂತೀವಲ್ಲ, ಅದೇ 'ಸಾಕು' ಅನ್ನೋ ಮಾತನ್ನ ಕರ್ತನು ಬೇರೆ ಅರ್ಥ ತುಂಬಿ ನಮ್ಮ ಕೈಗೆ ವಾಪಸ್ ಕೊಟ್ಟ ಹಾಗೆ ನಂಗೆ ಅನ್ಸತ್ತೆ.

ಎರಡನೇದು, ಪ್ರಾರ್ಥನೇಲಿ ನಾಟಕ ಬೇಡ. "ಎಲ್ಲಾ ಚೆನ್ನಾಗಿದೆ ಸ್ತೋತ್ರ" ಅಂತ ಹಲ್ಲು ಕಚ್ಚಿ ಹೇಳೋ ಅಗತ್ಯ ಇಲ್ಲ. ಬೈಬಲಿನ 13ನೇ ಕೀರ್ತನೆ "ಎಷ್ಟರ ತನಕ" ಅಂತ ನಾಲ್ಕು ಸಲ ಕೇಳತ್ತೆ, 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗತ್ತೆ, ಕೊನೇಲಿ ಸಂತೋಷದ ಒಂದು ಸಾಲೂ ಇಲ್ಲ, ಆದ್ರೂ ಅದು ಬೈಬಲ್ ಒಳಗೇ ಇದೆ. ಒಂದು ಸಾಲನ್ನ ಜೋರಾಗಿ ಓದಿ, ಅದರ ಬೆನ್ನಿಗೇ ನಿಮ್ಮ ಸಾಲು ಸೇರಿಸಿ: "ಕರ್ತನೇ, ಇವತ್ತು ಬಲಗೈ ಮಣಿಕಟ್ಟು ಊದಿದೆ, ಬಾಟಲಿ ಮುಚ್ಚಳ ತೆಗೆಯೋಕೂ ಆಗ್ಲಿಲ್ಲ, ನಿನ್ನ ಮೇಲೇ ಸಿಟ್ಟು ಬಂದಿದೆ". ಇಷ್ಟೇ. ಮಾತೇ ಬರದಷ್ಟು ನೋವಿದ್ರೆ ಉಸಿರು ಎಳ್ಕೊಳ್ತಾ "ಕರ್ತನಾದ ಯೇಸುವೇ", ಬಿಡ್ತಾ "ನನ್ನನ್ನು ಕರುಣಿಸು", ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳಲ್ಲಿ ನೂರಾರು ವರ್ಷದಿಂದ ನಡ್ಕೊಂಡು ಬಂದಿರೋ ಪ್ರಾರ್ಥನೆ ಇದು.

ಮಾತ್ರೆ ನಿಲ್ಲಿಸಬೇಡಿ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಮಾತ್ರೆ ತಗೊಳ್ಳೋದು ಅಪನಂಬಿಕೆ ಅಂತ ಹೇಳೋರು ಇದ್ದಾರೆ. ಕಾಯಿಲೆಯಿಂದ ಸಾಯೋ ಹಾಗಿದ್ದ ಹಿಜ್ಕೀಯ ಅರಸನಿಗೆ ಇನ್ನೂ 15 ವರ್ಷ ಆಯುಸ್ಸು ಕೊಡ್ತೀನಿ ಅಂತ ದೇವರೇ ಮಾತು ಕೊಟ್ಟಿದ್ದ, ಆದ್ರೂ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಹಣ್ಣಿನ ಮದ್ದು ಕಟ್ಟೋಕೆ ಹೇಳ್ತಾನೆ. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ನಾನು ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಅನ್ನೋ ಔಷಧಿ ವಾರಕ್ಕೆ ಒಂದೇ ದಿನ ತಗೊಳ್ಳೋದು, ಮೊದಲು ಶನಿವಾರ ರಾತ್ರಿ ತಗೊಳ್ತಿದ್ದೆ, ಭಾನುವಾರ ಪೂರ್ತಿ ವಾಕರಿಕೆ, ಆರಾಧನೆ ತಪ್ಪಿಹೋಗ್ತಿತ್ತು. ಡಾಕ್ಟರ್ ಹತ್ರ ಕೇಳಿ ದಿನ ಬದಲಾಯಿಸ್ಕೊಂಡೆ, ಇದನ್ನ ಕೇಳೋಕೆ ಯಾಕೆ ಅಷ್ಟು ದಿನ ಮುಜುಗರ ಪಟ್ಟೆ ಅಂತ ಈಗ್ಲೂ ಬೇಜಾರಾಗತ್ತೆ.

ಇನ್ನು ಜನರ ಮಾತು. "ನಿಮ್ಮಲ್ಲಿ ಏನೋ ಪಾಪ ಇರ್ಬೇಕು, ನಂಬಿಕೆ ಸಾಲ್ದು" ಅಂತ ಒಬ್ರು ನನ್ನ ಮುಖಕ್ಕೇ ಹೇಳಿದ್ರು, ಆ ರಾತ್ರಿ ಕೈಗಿಂತ ಮನಸ್ಸೇ ಜಾಸ್ತಿ ನೋಯ್ತು. ಯೋಹಾನ 9ರಲ್ಲಿ ಒಬ್ಬ ಹುಟ್ಟುಕುರುಡನನ್ನ ನೋಡಿ ಯಾರ ಪಾಪದಿಂದ ಹೀಗಾಯ್ತು ಅಂತ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ ಯೇಸು ಇವನ ಪಾಪನೂ ಅಲ್ಲ ಇವನ ತಂದೆತಾಯಿ ಪಾಪನೂ ಅಲ್ಲ ಅಂದ. ಪೌಲ ತನ್ನ ಜೊತೆಗಾರ ತ್ರೊಫಿಮನನ್ನ ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೀತಾನೆ, ಅವನಿಗೆ ನಂಬಿಕೆ ಕಮ್ಮಿ ಅಂತ ಎಲ್ಲೂ ಬರೆದಿಲ್ಲ. ಅಂಥವರಿಗೆ ಒಂದು ಮಾತು ರೆಡಿ ಇಟ್ಕೊಳ್ಳಿ: "ನಂಗೋಸ್ಕರ ಪ್ರಾರ್ಥನೆ ಮಾಡಿ, ಕಾರಣ ಹುಡುಕೋದು ಬೇಡ". ಜೊತೆಗೆ, ಯಾಕೋಬನ ಪತ್ರಿಕೆ 5ನೇ ಅಧ್ಯಾಯದ ಪ್ರಕಾರ ಸಭೆಯ ಹಿರಿಯರನ್ನ ಕರೆಸಬೇಕಾದ್ದು ಕಾಯಿಲೆ ಇರೋರೇ, ಅದಕ್ಕೆ ಯಾರೂ ಬಂದು ನೋಡ್ಲಿಲ್ಲ ಅಂತ ಒಳಗೊಳಗೇ ಕೊರಗೋ ಬದಲು ನೀವೇ ಫೋನ್ ಮಾಡಿ, ಏನು ಬೇಕು ಅಂತ ಬಿಡಿಸಿ ಹೇಳಿ, ಅರ್ಧ ಗಂಟೆ ಸುಮ್ನೆ ಬಂದು ಕೂತ್ರೆ ಸಾಕು ಅಂತಾನೂ ಹೇಳ್ಬಹುದು. ಬೈಬಲಿನಲ್ಲಿ ಎಲ್ಲಾ ಕಳ್ಕೊಂಡು ಮೈತುಂಬಾ ಹುಣ್ಣಾಗಿ ಕೂತಿದ್ದ ಯೋಬನ ಗೆಳೆಯರು ಮಾಡಿದ ಒಳ್ಳೇ ಕೆಲಸ ಅಂದ್ರೆ ಆ ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದು, ಬಾಯಿ ಬಿಟ್ಟ ಮೇಲೇ ಎಲ್ಲಾ ಕೆಟ್ಟಿದ್ದು.

ಬದುಕೋದೇ ಬೇಡ ಅನ್ಸೋ ದಿನಾನೂ ಬರಬಹುದು. ಪ್ರವಾದಿ ಎಲೀಯನಿಗೂ ಬಂತು, ಪ್ರಾಣ ತೆಗೆದುಬಿಡು ಅಂತ ಕೇಳಿದ. ದೇವರು ಬೈಲಿಲ್ಲ, ಮಲಗೋಕೆ ಬಿಟ್ಟ, ದೂತನ ಕೈಲಿ ರೊಟ್ಟಿ ನೀರು ಕಳಿಸಿದ, ಎಲೀಯ ಮತ್ತೆ ಮಲಗಿದ, ದೂತ ಮತ್ತೆ ತಿನ್ನೋಕೆ ಎಬ್ಬಿಸಿದ. ಅಂಥ ಯೋಚನೆ ಬಂದ್ರೆ ಅವತ್ತೇ ಮನೆಯವರಿಗೂ ಡಾಕ್ಟರಿಗೂ ಹೇಳಿ, ಒಬ್ಬರೇ ಇರಬೇಡಿ, ದಯವಿಟ್ಟು.

ಪುಟ ತಿರುಗಿಸೋಕೆ ಆಗ್ದೇ ಇರೋರಿಗೆ ಆಡಿಯೋ ಬೈಬಲ್ ಇದೆ, ಫೋನ್ ದಿಂಬಿನ ಪಕ್ಕ ಇಟ್ಕೊಳ್ಳಿ. ರಾತ್ರಿಗೆ 131ನೇ ಕೀರ್ತನೆ, ತಾಯಿ ಹತ್ರ ಸುಮ್ಮನಾಗಿರೋ ಮಗು ಥರ ನನ್ನ ಪ್ರಾಣ ಇದೆ ಅನ್ನೋದು, ಇರೋದು ಮೂರೇ ವಚನ. ನಿದ್ದೆ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಹಾಕಿ.